ಶಿಶುಗೀತೆಯೂ ಮೊದಲ ಪಾಠವೂ

೧

ನಮ್ಮ ಸಾಹಿತ್ಯವಿಮರ್ಶೆಯಲ್ಲಿ ಮಹಾಕಾವ್ಯಕ್ಕೆ ಸ್ಥಾನವುಂಟು, ನಾಟಕಕ್ಕೆ ಉಂಟು, ಭಾವಗೀತೆಗೂ ಕಾದಂಬರಿಗೂ ಬೇಕಾದಷ್ಟು ಉಂಟು. ಐದಾರು ವರ್ಷದೊಳಗಿನ ಮಗುವಿನ ಬಾಯಲ್ಲಿ ನಲಿದಾಡುವ ನಾಲ್ಕಾರು ಸಾಲಿನ ಹಾಡಿಗೆ ಮಾತ್ರ ಅಲ್ಲಿ ಮಣೆ ಹಾಕಿದವರು ವಿರಳ. ಅದು ಮಕ್ಕಳ ಆಟ, ವಿದ್ವಾಂಸರ ವಿಚಾರಕ್ಕೆ ತಕ್ಕುದಲ್ಲ ಎಂಬ ಭಾವನೆ ಇದಕ್ಕೆ ಕಾರಣವಾಗಿರಬಹುದು. ಆದರೆ ಕುಮಾರವ್ಯಾಸನನ್ನು ಕೇಳಿ ತಲೆದೂಗುವ ಸಹೃದಯನ ಕಿವಿ ಹದಗೊಂಡದ್ದು ಯಾವಾಗ? ಅವನಿಗೆ ಅಕ್ಷರವೇ ತಿಳಿಯದಿದ್ದ ಕಾಲದಲ್ಲಿ ಯಾರೋ ಅವನನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ ಪದಗಳನ್ನು ಕೇಳಿದಾಗ. ಲಯವೆಂದರೇನು, ಪ್ರಾಸವೆಂದರೇನು, ಮಾತು ಎಲ್ಲಿ ನಿಲ್ಲಬೇಕು, ಎಲ್ಲಿ ಮುಂದುವರಿಯಬೇಕು ಎಂಬುದೆಲ್ಲ ಆಗಲೇ ಒಳಗೆ ಇಳಿದಿರುತ್ತದೆ. ಛಂದಶ್ಶಾಸ್ತ್ರ ಬಂದು ಅದಕ್ಕೆ ಹೆಸರಿಡುವುದು ಆಮೇಲಿನ ಮಾತು.

ಈ ವಿಷಯ ಪಂಡಿತರ ವಿನೋದಕ್ಕೆ ಮಾತ್ರ ಸೇರಿದ್ದೂ ಅಲ್ಲ. ಮೂರು ವರ್ಷ ತುಂಬುತ್ತಲೇ ಮಗುವನ್ನು ಶಿಶುವಿಹಾರಕ್ಕೆ ಸೇರಿಸುವುದು ಇಂದು ವಿದ್ಯಾವಂತರ ಮನೆಗಳಲ್ಲಿ ನಿಯಮವೇ ಆಗಿದೆ. ಸೇರಿಸಿದ ತಿಂಗಳೊಳಗೆ ತಾಯಿತಂದೆಗಳು ಸಾಮಾನ್ಯವಾಗಿ ಕೇಳುವ ಪ್ರಶ್ನೆ ಒಂದೇ: ಅಕ್ಷರ ಎಷ್ಟು ಬಂತು? ಪ್ರಶ್ನೆ ಹೀಗಿರುವುದರಿಂದ ಉತ್ತರ ಕೊಡತಕ್ಕವರೂ ಅದಕ್ಕೆ ತಕ್ಕಂತೆ ಸಿದ್ಧರಾಗುತ್ತಾರೆ. ಬೆರಳಿಗೆ ಹಿಡಿತ ಬರುವ ಮೊದಲೇ ಪೆನ್ಸಿಲು. ಪುಟದ ತುಂಬ ಒಂದೇ ಅಕ್ಷರ. ಮನೆಗೆ ಬಂದರೆ ಮತ್ತೆ ಅದೇ ಕೆಲಸ. ಒಳ್ಳೆಯ ಶಿಶುಗೀತೆ ಯಾವುದು, ಅದು ಮಗುವಿನಲ್ಲಿ ಏನು ಕೆಲಸ ಮಾಡುತ್ತದೆ ಎಂಬುದನ್ನು ನಾವು ಬಲ್ಲೆವಾದರೆ ಶಿಶುವಿಹಾರವನ್ನು ಯಾವ ಪ್ರಶ್ನೆ ಕೇಳಬೇಕೆಂಬುದೂ ತಿಳಿದೀತು. ಅಕ್ಷರಕ್ಕೆ ಮೊದಲು ಕಿವಿ, ಬರೆಹಕ್ಕೆ ಮೊದಲು ಬಾಯಿ ಎಂಬ ಕ್ರಮವನ್ನು ನಮ್ಮ ಉತ್ತಮ ಶಿಶುಗೀತೆಗಳೇ ತೋರಿಸಿಕೊಡುತ್ತವೆ ಎಂಬುದು ಈ ಲೇಖನದ ಪ್ರತಿಜ್ಞೆ.

೨

ಮೊದಲು ಲಕ್ಷಣವನ್ನು ನೋಡೋಣ. ಮಗುವಿಗೆ ಸಂಬಂಧಪಟ್ಟ ಹಾಡುಗಳಲ್ಲಿ ಎರಡು ಜಾತಿಗಳನ್ನು ಬೇರ್ಪಡಿಸಿಕೊಳ್ಳುವುದು ಅವಶ್ಯ. ಒಂದು, ಜೋಗುಳ. ಅಲ್ಲಿ ಹಾಡುವವಳು ತಾಯಿ, ಕೇಳುವುದು ಮಗು. ಹಲಸಂಗಿಯ ಗೆಳೆಯರು ೧೯೩೧ರಲ್ಲಿ ಹೊರತಂದ ‘ಗರತಿಯ ಹಾಡು’ ಎಂಬ ಸಂಗ್ರಹವನ್ನು ನೋಡಿದವರು ಬಲ್ಲರು: ಮಗುವಿನ ಮೇಲಿನ ತ್ರಿಪದಿಗಳಲ್ಲಿ ಹೆಣ್ಣಿನ ಹೆಮ್ಮೆ, ತವರಿನ ನೆನಪು, ಬಂಜೆತನದ ಭಯ, ದೇವರಲ್ಲಿಟ್ಟ ಮೊರೆ ಎಲ್ಲವೂ ಹರಿದುಬಂದಿವೆ. ಅರ್ಥವೆಲ್ಲ ತಾಯಿಯದು, ನಾದ ಮಾತ್ರ ಮಗುವಿನ ಪಾಲು. ಎರಡನೆಯ ಜಾತಿ, ಮಗುವೇ ಹಾಡತಕ್ಕದ್ದು. ಇದನ್ನೇ ನಾವು ಶಿಶುಗೀತೆ ಎಂದು ಕರೆಯುವುದು. ಇಲ್ಲಿ ಅರ್ಥವೂ ಮಗುವಿನದಾಗಬೇಕು, ನಾಲಗೆಯೂ ಮಗುವಿನದಾಗಬೇಕು. ಜೋಗುಳ ಕಟ್ಟುವುದಕ್ಕೆ ಹೃದಯವಿದ್ದರೆ ಸಾಕಾದೀತು. ಶಿಶುಗೀತೆಯನ್ನು ಕಟ್ಟುವವನಿಗೆ ತಾನು ದೊಡ್ಡವನೆಂಬುದನ್ನು ಸ್ವಲ್ಪ ಹೊತ್ತು ಬದಿಗಿಡುವ ಶಕ್ತಿಯೂ ಬೇಕು.

ಇಂಥ ಗೀತೆಗೆ ಮೂರು ಲಕ್ಷಣಗಳನ್ನು ಹೇಳಬಹುದೆಂದು ತೋರುತ್ತದೆ. ಮೊದಲನೆಯದು ಶ್ರವಣ: ಅರ್ಥ ತಿಳಿಯುವ ಮೊದಲೇ ಕಿವಿಗೆ ಹಿತವಾಗಿ, ಒಂದು ಧ್ವನಿಯನ್ನು ಇನ್ನೊಂದರಿಂದ ಬೇರ್ಪಡಿಸಿ ಕೇಳಿಸಬೇಕು. ಎರಡನೆಯದು ಅಂಗಚಲನ: ಹಾಡಿದಾಗ ಕೈ, ಕತ್ತು, ಕಾಲು ತಾವಾಗಿ ಕುಣಿಯಬೇಕು; ಈ ವಯಸ್ಸಿನಲ್ಲಿ ಮೈ ಬೇರೆ, ಮನಸ್ಸು ಬೇರೆ ಎಂಬ ಭೇದವಿಲ್ಲ. ಮೂರನೆಯದು ಪ್ರತಿವಚನ: ಹಾಡಿನಲ್ಲಿ ಮಗುವಿಗೆ ಒಂದು ಪಾತ್ರವಿರಬೇಕು; ಕೇಳುವುದೋ, ಕೂಗುವುದೋ, ಉತ್ತರ ಕೊಡುವುದೋ ಏನಾದರೂ ಅದರ ಪಾಲಿಗೆ ಉಳಿದಿರಬೇಕು.

ಈ ಅಳತೆಗೋಲನ್ನು ಹಿಡಿದು ನೋಡಿದರೆ ಪಂಜೆ ಮಂಗೇಶರಾಯರ (೧೮೭೪–೧೯೩೭) ‘ನಾಗರ ಹಾವೆ’ ಏಕೆ ಇಷ್ಟು ಕಾಲ ಬಾಳಿತು ಎಂಬುದು ಸ್ಪಷ್ಟವಾಗುತ್ತದೆ. ವಿದ್ಯಾ ಇಲಾಖೆಯಲ್ಲಿ ಉಪಾಧ್ಯಾಯರೂ ಶಾಲಾ ತನಿಖಾಧಿಕಾರಿಗಳೂ ಆಗಿದ್ದ ಪಂಜೆಯವರು ಮಕ್ಕಳನ್ನು ಹತ್ತಿರದಿಂದ ಕಂಡವರು. ೧೯೩೪ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದಾಗಲೂ ಜನ ಅವರನ್ನು ಮಕ್ಕಳ ಕವಿಯೆಂದೇ ಅಕ್ಕರೆಯಿಂದ ನೆನೆದಿರಬೇಕು. ನಾಲ್ಕು ಮಾತ್ರೆಯ ಸಮನಡೆಯ ಆ ಹಾಡಿನಲ್ಲಿ ಮಗು ಹಾವನ್ನು ಕರೆಯುತ್ತದೆ, ಹೆಡೆಯಾಡಿಸೆನ್ನುತ್ತದೆ, ಚಿನ್ನವನ್ನು ಬೇಡುತ್ತದೆ, ಕೊನೆಗೆ ಅಂಜಿ ಕೈಮುಗಿದು ಕಳಿಸಿಬಿಡುತ್ತದೆ. ಪ್ರತಿ ಪದ್ಯದ ಕೊನೆಯ ಸಾಲೂ ಒಂದೇ ಅಕ್ಷರದ ಆವೃತ್ತಿ. ಆ ಅಕ್ಷರಗಳಾದರೂ ಯಾವುವು? ಕರೆಯುವಾಗ ‘ಬಾ’, ಹಾವಿನತ್ತ ಬೆರಳು ಮಾಡಿ ‘ನೀ’, ಬೇಡುವಾಗ ‘ತಾ’, ಕಳಿಸುವಾಗ ‘ಪೋ’. ಒಂದೊಂದೂ ಒಂದು ಅಕ್ಷರ. ಒಂದೊಂದೂ ಒಂದು ಪೂರ್ಣವಾದ ಮಾತು. ಅಕ್ಷರವೆಂಬುದು ಅರ್ಥವುಳ್ಳ ವಸ್ತು, ಅದನ್ನು ಬಾಯಿಂದ ಎಸೆದರೆ ಎದುರಿಗಿರುವವನು ಬರುತ್ತಾನೆ, ಹೋಗುತ್ತಾನೆ, ಕೊಡುತ್ತಾನೆ ಎಂಬ ತತ್ತ್ವವನ್ನು ಹಲಗೆಬಳಪಗಳಿಲ್ಲದೆ ಕಲಿಸಿದ ಪಾಠ ಇದಕ್ಕಿಂತ ಮಿಗಿಲಾದದ್ದು ನಮಗೆ ಗೊತ್ತಿಲ್ಲ. ಕೈಬೀಸಿ ಕರೆಯುವುದು, ಬೆರಳು ತೋರುವುದು, ಅಂಗೈ ಚಾಚುವುದು, ಕೈಮುಗಿಯುವುದು, ಹೀಗೆ ಅಂಗಚಲನವೂ ತಾನಾಗಿ ಒದಗುತ್ತದೆ, ಯಾರೂ ಕಲಿಸಬೇಕಾಗಿಲ್ಲ.

ಈ ಹಾಡಿನ ಕೆಲವು ರೂಪಗಳು ಇಂದಿನ ಮಗುವಿನ ಮನೆಮಾತಿನಲ್ಲಿ ಇಲ್ಲವಲ್ಲ ಎಂದು ಆಕ್ಷೇಪಿಸುವವರುಂಟು. ‘ಪೋ’ ಎಂಬುದು ಹಳಗನ್ನಡದ ಜಾಡಿನದು ನಿಜ. ತುಳುವರ ಮನೆಯಲ್ಲಾದರೋ ದಿನಬಳಕೆಯ ಮಾತು. ಆದರೆ ತಿಳಿಯದ ಪದಕ್ಕೆ ಹೆದರುವವರು ದೊಡ್ಡವರು. ಮಗುವಿಗೆ ಲೋಕದಲ್ಲಿ ಅರ್ಧಕ್ಕಿಂತ ಹೆಚ್ಚು ಮಾತುಗಳು ತಿಳಿಯದವೇ ಆಗಿರುತ್ತವೆ. ಸಂದರ್ಭವನ್ನು ಹಿಡಿದು ಅರ್ಥವನ್ನು ಊಹಿಸುವುದೇ ಅದರ ಹಗಲೆಲ್ಲದ ಉದ್ಯೋಗ. ಹಾಡು ಸಂದರ್ಭವನ್ನು ಸ್ಪಷ್ಟವಾಗಿ ಕಟ್ಟಿಕೊಟ್ಟರೆ ಹೊಸ ಪದ ಹೊರೆಯಾಗುವುದಿಲ್ಲ, ಲಾಭವಾಗುತ್ತದೆ.

ಜಿ. ಪಿ. ರಾಜರತ್ನಂ ಅವರ ದಾರಿ ಸ್ವಲ್ಪ ಬೇರೆ. ‘ರತ್ನನ ಪದಗಳು’ ಬರೆದ ಕೈಯೇ ಮಕ್ಕಳಿಗೂ ಬರೆಯಿತು. ಎರಡು ಕಡೆಯೂ ಅವರ ಬಂಡವಾಳ ಆಡುಮಾತಿನ ಕಿವಿ. ತಗಡಿನ ತುತ್ತೂರಿಯನ್ನು ಕುರಿತ ಅವರ ಗೀತೆಯನ್ನು ಬಲ್ಲದ ಕನ್ನಡ ಮನೆ ಇಲ್ಲವೆನ್ನಬಹುದು. ಹುಡುಗನೊಬ್ಬ ಬಣ್ಣದ ತುತ್ತೂರಿಯನ್ನು ಕೊಳ್ಳುತ್ತಾನೆ. ಸ್ವರ ನುಡಿಸಿ ಮೆರೆಯುತ್ತಾನೆ. ತುತ್ತೂರಿ ಕೊಳದ ನೀರಿಗೆ ಬಿದ್ದು ಬಣ್ಣವೂ ಹೋಗುತ್ತದೆ, ದನಿಯೂ ಕೆಡುತ್ತದೆ. ಜಂಬ ಒಳ್ಳೆಯದಲ್ಲವೆಂಬ ನೀತಿ ಇದರಲ್ಲಿಲ್ಲವೆ? ಇದೆ. ಆದರೆ ಹಾಡು ಹೇಳುವ ಮಗುವಿನ ಮುಖವನ್ನು ನೋಡಿರಿ. ಮೊದಲು ಸುಶ್ರಾವ್ಯವಾದ ಸ್ವರಗಳು, ಆಮೇಲೆ ಗಂಟಲಲ್ಲೇ ಸಿಕ್ಕಿಕೊಂಡ ಗೊಗ್ಗರು ದನಿ. ಇವೆರಡರ ಅಂತರವನ್ನು ತನ್ನ ಕಂಠದಲ್ಲಿಯೇ ಹೊರಡಿಸಿ ಮಗು ಕಿಲಕಿಲನೆ ನಗುತ್ತದೆ. ನೀತಿಗಿಂತ ಮೊದಲು ಧ್ವನಿಭೇದವನ್ನು ಅದು ಕಂಡಿದೆ. ನೀತಿ ಒಂದು ದಿನ ತಾನಾಗಿ ತಿಳಿದೀತು; ತಿಳಿಯದಿದ್ದರೂ ಹಾಡಿಗೆ ನಷ್ಟವಿಲ್ಲ. ಒಳ್ಳೆಯ ಶಿಶುಗೀತೆಯಲ್ಲಿ ನೀತಿ ಹಣ್ಣಿನೊಳಗಿನ ಬೀಜದಂತಿರುತ್ತದೆ. ಮೊದಲು ಬೀಜವನ್ನೇ ಜಗಿಯೆನ್ನುವವರು ಹಣ್ಣಿನ ಮೇಲೆಯೇ ಮಗುವಿಗೆ ಬೇಸರ ಹುಟ್ಟಿಸುತ್ತಾರೆ.

ಅವರ ‘ನಾಯಿಮರಿ’ಯಲ್ಲಿ ಮೂರನೆಯ ಲಕ್ಷಣವಾದ ಪ್ರತಿವಚನ ಅತ್ಯಂತ ಸ್ಫುಟವಾಗಿದೆ. ಆ ಹಾಡು ಮೊದಲಿನಿಂದ ಕೊನೆಯವರೆಗೆ ಸಂವಾದ. ಮಗು ತಿಂಡಿ ಬೇಕೆಯೆಂದು ಕೇಳುತ್ತದೆ, ಮರಿ ಬೇಕೆನ್ನುತ್ತದೆ. ಏಕೆ ಕೊಡಬೇಕೆಂದರೆ ಮನೆ ಕಾಯುವೆನೆನ್ನುತ್ತದೆ. ಕಳ್ಳ ಬಂದರೆ ಏನು ಮಾಡುವೆಯೆಂದರೆ ಬೊಗಳಿ ತೋರಿಸುತ್ತದೆ. ತಾಯಿ ಒಂದು ಮಾತು, ಮಗು ಒಂದು ಮಾತು. ಮಾರನೆಯ ದಿನ ಪಾತ್ರಗಳು ಅದಲುಬದಲು. ಶಿಶುವಿಹಾರದಲ್ಲಿ ಎರಡು ಸಾಲು ಕೂರಿಸಿದರೆ ಒಂದು ಪುಟ್ಟ ನಾಟಕ. ತನ್ನ ಸರದಿ ಬರುವವರೆಗೆ ಕಾಯುವುದು, ಕೇಳಿದ್ದಕ್ಕೆ ತಕ್ಕ ಉತ್ತರ ಕೊಡುವುದು, ಕೊಡುವುದಕ್ಕೂ ಪಡೆಯುವುದಕ್ಕೂ ಸಂಬಂಧವುಂಟೆಂದು ಕಾಣುವುದು, ಇವೆಲ್ಲ ಅದರಲ್ಲಿ ಅಡಗಿವೆ. ಸಮಾಜದಲ್ಲಿ ನಡೆದುಕೊಳ್ಳುವ ಪಾಠಕ್ಕೆ ಇನ್ನಾವ ಪ್ರತ್ಯೇಕ ಪುಸ್ತಕ ಬೇಕು?

೩

ಇಂಥ ಮಾದರಿಗಳು ಕಣ್ಣೆದುರಿಗಿರುವಾಗ ಈಚೆಗೆ ಶಿಶುವಿಹಾರಗಳಿಗಾಗಿ ಸಿದ್ಧವಾಗುತ್ತಿರುವ ಪದ್ಯಗಳಲ್ಲಿ ಬಹುಪಾಲು ಏಕೆ ಸಪ್ಪೆಯಾಗಿವೆ? ತರಕಾರಿಗಳ ಹೆಸರು, ವಾರಗಳ ಹೆಸರು, ಬಣ್ಣಗಳ ಹೆಸರು, ರಸ್ತೆಯ ದೀಪದ ನಿಯಮ, ಹಲ್ಲುಜ್ಜುವ ವಿಧಿ, ಇವು ಅವುಗಳ ವಸ್ತು. ವಸ್ತುವಿನಲ್ಲಿ ದೋಷವಿಲ್ಲ. ಮಗುವಿಗೆ ಬದನೆಕಾಯಿ ತಿಳಿಯಬೇಕಾದ್ದೆ, ಬುಧವಾರವೂ ತಿಳಿಯಬೇಕಾದ್ದೆ. ದೋಷವಿರುವುದು ಕಟ್ಟುವ ಕ್ರಮದಲ್ಲಿ. ಮೊದಲು ಪಟ್ಟಿ ಸಿದ್ಧವಾಗುತ್ತದೆ. ಆಮೇಲೆ ಪ್ರಾಸಕ್ಕಾಗಿ ಪದಗಳನ್ನು ತುರುಕುತ್ತಾರೆ. ಮಾತ್ರೆ ಸಾಲದ ಕಡೆ ‘ನೋಡು’, ‘ಬಲು’, ‘ಚೆಂದ’ ಎಂಬ ಮಾತುಗಳು ಬಂದು ಕೂರುತ್ತವೆ. ಇವುಗಳನ್ನು ಸೂಚೀಪದ್ಯಗಳೆಂದು ಕರೆಯಬಹುದು. ಇವುಗಳನ್ನು ಪರೀಕ್ಷಿಸುವುದು ಸುಲಭ: ಸಾಲುಗಳನ್ನು ಹಿಂದುಮುಂದಾಗಿಸಿ, ಒಂದನ್ನು ಕಿತ್ತುಹಾಕಿ, ಏನೂ ವ್ಯತ್ಯಾಸವಾಗದಿದ್ದರೆ ಅದು ಸೂಚೀಪದ್ಯ. ನಾಗರಹಾವನ್ನು ಮೊದಲು ಕಳಿಸಿ ಆಮೇಲೆ ಕರೆಯಲಾಗುವುದಿಲ್ಲ; ತುತ್ತೂರಿಯನ್ನು ಮೊದಲೇ ಕೊಳಕ್ಕೆ ಕೆಡಹಿ ಆಮೇಲೆ ಕೊಳ್ಳಲಾಗುವುದಿಲ್ಲ. ಅಲ್ಲಿ ಕಥೆಯುಂಟು, ಕಾಲಕ್ರಮವುಂಟು. ಮೊದಲು ಇದು, ಆಮೇಲೆ ಇದು, ಆದ್ದರಿಂದ ಇದು ಎಂಬ ಬುದ್ಧಿಯ ಮೊಳಕೆಯುಂಟು.

ಹಾಡಿಸುವ ರೀತಿಯೂ ಹಾಗೆಯೇ ಕೆಟ್ಟಿದೆ. ಅತಿಥಿಗಳು ಬಂದಾಗ ಮಗುವನ್ನು ನೆಟ್ಟಗೆ ನಿಲ್ಲಿಸಿ, ಕೈಕಟ್ಟಿಸಿ, ಒಪ್ಪಿಸು ಎನ್ನುತ್ತೇವೆ. ಮೈ ಕಲ್ಲಾಯಿತು, ಪ್ರತಿವಚನವಿಲ್ಲ, ಉಳಿದದ್ದು ಧ್ವನಿ ಮಾತ್ರ, ಅದೂ ಅಂಜಿಕೆಯಿಂದ ಅರ್ಧ ನುಂಗಿದ್ದು. ಮನೆಯಲ್ಲಾದರೋ ಮೊಬೈಲಿನ ಗಾಜು ತಾಯಿಯ ಸ್ಥಾನಕ್ಕೆ ಬಂದು ಕುಳಿತಿದೆ. ಅದರಲ್ಲಿ ಒಳ್ಳೆಯ ಹಾಡುಗಳು ಇಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಗಾಜಿನ ಹಾಡು ಮಗುವಿಗಾಗಿ ನಿಲ್ಲುವುದಿಲ್ಲ. ಮಗು ಉತ್ತರ ಕೊಟ್ಟಿತೋ ಇಲ್ಲವೋ ನೋಡದೆ ಮುಂದಿನ ಸಾಲಿಗೆ ಹೋಗುತ್ತದೆ. ಹಾವು ಹೇಗಿರಬೇಕೆಂದು ಮಗು ಕಲ್ಪಿಸಿಕೊಳ್ಳುವ ಮೊದಲೇ ಬಣ್ಣದ ಹಾವನ್ನು ಬರೆದು ತೋರಿಸಿಬಿಡುತ್ತದೆ. ಕಿವಿ ಮಾಡತಕ್ಕ ಕೆಲಸವನ್ನು ಕಣ್ಣು ಕಸಿದುಕೊಂಡ ಮೇಲೆ ಹಾಡು ಎಷ್ಟು ಸಲ ತಿರುಗಿದರೇನು?

೪

ಇಲ್ಲಿ ಒಂದು ಪೂರ್ವಪಕ್ಷವನ್ನು ಎದುರಿಸಬೇಕು. ಚೌಲವಾದ ಮೇಲೆ ಲಿಪಿಯನ್ನೂ ಸಂಖ್ಯೆಯನ್ನೂ ಕಲಿಸಬೇಕೆಂದು ಕೌಟಿಲ್ಯನೇ ಹೇಳಿಲ್ಲವೆ, ಚೌಲಕ್ಕೆ ಮೊದಲನೆಯ ಅಥವಾ ಮೂರನೆಯ ವರ್ಷವೆಂದು ಮನುಸ್ಮೃತಿಯಲ್ಲಿದೆಯಲ್ಲವೆ, ಆದ್ದರಿಂದ ಮೂರರಲ್ಲಿ ಅಕ್ಷರ ನಮ್ಮ ಸಂಪ್ರದಾಯವೇ ಅಲ್ಲವೆ ಎಂದು ಕೆಲವರು ಕೇಳುತ್ತಾರೆ. ಕಾಳಿದಾಸನನ್ನೂ ಸಾಕ್ಷಿಗೆ ಕರೆಯುತ್ತಾರೆ: ರಘುವಂಶದ ಮೂರನೆಯ ಸರ್ಗದಲ್ಲಿ ಚೌಲವಾದ ರಘು ಲಿಪಿಯನ್ನು ಕಲಿತು, ನದೀಮುಖದಿಂದ ಸಮುದ್ರವನ್ನು ಹೊಕ್ಕಂತೆ ವಾಙ್ಮಯವನ್ನು ಹೊಕ್ಕನೆಂದಿದೆ. ಸರಿ. ಆದರೆ ಚೌಲದ ಮೇಲೆ ಎಂದರೆ ಮರುದಿನವೇ ಎಂದರ್ಥವಲ್ಲ. ವಿದ್ಯಾರಂಭಕ್ಕೆ ಐದನೆಯ ವರ್ಷವನ್ನು ವಿಧಿಸುವ ನಿಬಂಧಗ್ರಂಥಗಳೂ ಉಂಟು. ಅದಕ್ಕಿಂತ ಮುಖ್ಯವಾಗಿ, ಕಾಳಿದಾಸನನ್ನು ಸಾಕ್ಷಿಗೆ ಕರೆದವರು ಅವನ ಹೇಳಿಕೆಯನ್ನು ಪೂರ್ತಿ ಕೇಳಬೇಕು. ಲಿಪಿಯ ಶ್ಲೋಕಕ್ಕೆ ಮೂರು ಶ್ಲೋಕ ಹಿಂದೆ ಅದೇ ರಘು ದಾದಿ ಮೊದಲು ನುಡಿದ ಮಾತನ್ನು ತಾನೂ ನುಡಿಯುತ್ತಾನೆ. ಅವಳ ಬೆರಳನ್ನು ಹಿಡಿದು ನಡೆಯುತ್ತಾನೆ. ನಮಸ್ಕಾರವನ್ನು ಕಲಿತು ಬಾಗುತ್ತಾನೆ. ಇಷ್ಟರಿಂದಲೇ ತಂದೆಗೆ ಸಂತೋಷವನ್ನು ಹೆಚ್ಚಿಸುತ್ತಾನೆ. ಕೇಳಿ ನುಡಿಯುವುದು, ಮೈಯಾಡಿಸುವುದು, ಎದುರಿನವರಿಗೆ ಪ್ರತಿಯಾಗಿ ನಡೆಯುವುದು: ನಾವು ಹೇಳಿದ ಶ್ರವಣ, ಅಂಗಚಲನ, ಪ್ರತಿವಚನಗಳು ಒಂದೇ ಶ್ಲೋಕದಲ್ಲಿ ಕ್ರಮವಾಗಿ ಬಂದಿವೆ. ಲಿಪಿಯನ್ನು ಕಲಿಯುವಾಗಲೂ ರಘು ಒಬ್ಬನೇ ಕೂರುವುದಿಲ್ಲ, ಸಮವಯಸ್ಕರಾದ ಮಂತ್ರಿಪುತ್ರರು ಜೊತೆಗಿರುತ್ತಾರೆ. ಚಕ್ರವರ್ತಿಯಾಗಿದ್ದ ದಿಲೀಪ ಮಗನ ನಮಸ್ಕಾರಕ್ಕೆ ಹಿಗ್ಗಿದ. ಎಷ್ಟು ಅಕ್ಷರ ಬಂತೆಂದು ದಾದಿಯನ್ನು ಕೇಳಿದನೆಂದು ಕವಿ ಹೇಳಿಲ್ಲ.

ಸಂಸ್ಕೃತ ಪಾಠಶಾಲೆಯ ಕ್ರಮವೂ ಇದಕ್ಕೆ ಅನುಗುಣವಾದದ್ದೆ. ವೇದಾಂಗಗಳಲ್ಲಿ ಧ್ವನಿಯನ್ನು ವಿಚಾರಿಸುವ ಅಂಗಕ್ಕೆ ಶಿಕ್ಷಾ ಎಂದೇ ಹೆಸರು. ಇಂದಿನ ‘ಶಿಕ್ಷಣ’ವೆಂಬ ಮಾತೂ ಅದೇ ಧಾತುವಿನಿಂದ ಬಂದದ್ದು. ಗುರುವಿನ ಬಾಯಿಂದ ಬಂದದ್ದನ್ನು ಶಿಷ್ಯ ಕೇಳಿ ಮರುನುಡಿಯುವುದೇ ಅಲ್ಲಿ ಮೊದಲ ಕೆಲಸ. ಕಂಠಪಾಠವೆಂದರೆ ಹೊಸಬರು ಮೂಗು ಮುರಿಯುತ್ತಾರೆ. ನಾವು ಅದರ ಪಕ್ಷವನ್ನು ಬಿಟ್ಟುಕೊಡುವುದಿಲ್ಲ. ಎಳೆಯ ವಯಸ್ಸಿನಲ್ಲಿ ನಾಲಗೆಗೆ ನೆಲೆಯಾದದ್ದು ಮುಪ್ಪಿನವರೆಗೂ ಸಂಗಾತಿಯಾಗಿರುತ್ತದೆ. ಆದರೆ ಅದಕ್ಕೂ ಮೇರೆಯುಂಟು. ಪಾಣಿನೀಯ ಶಿಕ್ಷೆಯಲ್ಲಿ ಅಧಮರಾದ ಪಾಠಕರನ್ನು ಆರು ಬಗೆಯಾಗಿ ಎಣಿಸುವಾಗ, ಬರೆದದ್ದನ್ನು ನೋಡಿಯೇ ಓದುವವನನ್ನೂ ಅರ್ಥವರಿಯದೆ ಓದುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದೆ. ಕಿವಿಯನ್ನು ಬಿಟ್ಟ ಬರೆಹ ಒಂದು ದೋಷ. ಅರ್ಥವನ್ನು ಬಿಟ್ಟ ಬಾಯಿಪಾಠ ಇನ್ನೊಂದು ದೋಷ. ಮೂರು ವರ್ಷದ ಮಗುವಿಗೆ ಅರ್ಥವೆಂದರೆ ನಿಘಂಟಿನ ಅರ್ಥವಲ್ಲ. ‘ಬಾ’ ಎಂದಾಗ ಕೈ ಬೀಸಿದರೆ ಅದೇ ಅರ್ಥ.

ಈಚಿನ ಶಾಸ್ತ್ರಜ್ಞರ ಶೋಧನೆಯೂ ಈ ಕ್ರಮಕ್ಕೆ ಬೆಂಬಲವಾಗಿದೆ. ಇಂಗ್ಲೆಂಡಿನಲ್ಲಿ ಬ್ರಾಡ್ಲಿ ಮತ್ತು ಬ್ರಯಂಟ್ ಎಂಬ ವಿದ್ವಾಂಸರು ೧೯೮೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ನಾಲ್ಕೈದು ವರ್ಷದ ಮಕ್ಕಳು ಪ್ರಾಸವನ್ನೂ ಸಮಾನಧ್ವನಿಗಳನ್ನೂ ಎಷ್ಟು ಚೆನ್ನಾಗಿ ಗುರುತಿಸಬಲ್ಲರೆಂಬುದಕ್ಕೂ ಮುಂದೆ ಅವರು ಓದು ಬರೆಹಗಳಲ್ಲಿ ಮುಂದುವರಿಯುವುದಕ್ಕೂ ಗಾಢವಾದ ಸಂಬಂಧ ಕಂಡುಬಂತು. ಕನ್ನಡ ಓದಲು ಕಲಿಯುವ ಮಕ್ಕಳನ್ನೇ ಕುರಿತು ಸೊನಾಲಿ ನಾಗ್ ಅವರು ೨೦೦೭ರಲ್ಲಿ ಪ್ರಕಟಿಸಿದ ಅಧ್ಯಯನ ನಮ್ಮ ಉಪಾಧ್ಯಾಯರೆಲ್ಲ ಗಮನಿಸತಕ್ಕದ್ದು: ನಮ್ಮ ಲಿಪಿಯ ಅಕ್ಷರಜ್ಞಾನ ಒಂದನೆಯ ತರಗತಿಯಲ್ಲಿ ಮುಗಿಯುವಂಥದಲ್ಲ, ಮುಂದಿನ ತರಗತಿಗಳಲ್ಲೂ ಬೆಳೆಯುತ್ತಲೇ ಹೋಗುತ್ತದೆ. ಇದು ಸಹಜವೆ. ವರ್ಣಮಾಲೆಯಲ್ಲಿ ನಾಲ್ವತ್ತೊಂಬತ್ತು ವರ್ಣಗಳಾದರೂ ಕಾಗುಣಿತವನ್ನು ಸೇರಿಸಿದರೆ ಅಕ್ಷರರೂಪಗಳು ನಾನೂರಕ್ಕೆ ಮೇಲಾಗುತ್ತವೆ, ಒತ್ತಕ್ಷರಗಳು ಬೇರೆ. ಇಷ್ಟು ದೀರ್ಘವಾದ ಪ್ರಯಾಣಕ್ಕೆ ಹೊರಡತಕ್ಕ ಮಗುವಿಗೆ ಬುತ್ತಿ ಕಟ್ಟಬೇಕಾದ ಕಾಲದಲ್ಲಿ, ಬುತ್ತಿಯಿಲ್ಲದೆ ಎರಡು ಹರಿದಾರಿ ಮೊದಲೇ ಓಡಿಸಿದರೆ ಏನು ಸಾಧಿಸಿದಂತಾಯಿತು? ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೆ ಎಂಬ ಗಾದೆಯನ್ನು ಈ ಅವಸರಕ್ಕೆ ಸಮರ್ಥನೆಯಾಗಿ ತರುವವರುಂಟು. ಗಾದೆ ಗಿಡದ ಮಾತನ್ನು ಹೇಳಿತು. ಆಗತಾನೆ ಕಣ್ಣುಬಿಟ್ಟ ಮೊಳಕೆಯನ್ನು ಯಾವ ತೋಟಗಾರನೂ ಬಗ್ಗಿಸುವುದಿಲ್ಲ. ನೀರು ಹಾಕಿ ಕಾಯುತ್ತಾನೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬೇಗ ಅಕ್ಷರ ಕಲಿಸುವುದೆಲ್ಲವೂ ಹಿಂಸೆಯೆಂದು ನಮ್ಮ ಅಭಿಪ್ರಾಯವಲ್ಲ. ೧೯೦೭ರ ಜನವರಿ ೬ರಂದು ರೋಮಿನ ಬಡವರ ಕೇರಿಯಲ್ಲಿ ಮೊದಲ ಶಿಶುಗೃಹವನ್ನು ತೆರೆದ ಮರಿಯಾ ಮಾಂಟೆಸೋರಿ ನಾಲ್ಕು ವರ್ಷದ ಮಕ್ಕಳಿಗೂ ಅಕ್ಷರವನ್ನು ಕೊಟ್ಟರು. ಆದರೆ ಹೇಗೆ? ಮರಳುಕಾಗದದಲ್ಲಿ ಕತ್ತರಿಸಿದ ಅಕ್ಷರವನ್ನು ಮಗು ಬೆರಳಿನಿಂದ ಸವರುತ್ತದೆ; ಸವರುವಾಗ ಅದರ ಧ್ವನಿಯನ್ನು ಕೇಳುತ್ತದೆ; ಬೇಕೆನಿಸಿದಾಗ ತೆಗೆದುಕೊಳ್ಳುತ್ತದೆ, ಸಾಕೆನಿಸಿದಾಗ ಇಟ್ಟುಬಿಡುತ್ತದೆ. ನಮ್ಮ ಹಿರಿಯರು ಮರಳಿನ ಮೇಲೂ ಅಕ್ಕಿಯ ಮೇಲೂ ಬೆರಳಿಡಿಸಿ ತಿದ್ದಿಸಿದ್ದರ ಮರ್ಮವೂ ಇದೇ ಅಲ್ಲವೆ? ೧೯೩೯ರಿಂದ ೧೯೪೬ರವರೆಗೆ ಆಕೆ ಭಾರತದಲ್ಲಿಯೇ ಇದ್ದು ಅಡ್ಯಾರು, ಕೊಡೈಕನಾಲುಗಳಲ್ಲಿ ಉಪಾಧ್ಯಾಯರನ್ನು ತಯಾರು ಮಾಡಿದರು. ಆಕೆಯ ಹೆಸರನ್ನು ಹಲಗೆಯ ಮೇಲೆ ಬರೆಸಿಕೊಂಡ ಶಿಶುವಿಹಾರಗಳು ಊರೂರಿಗೂ ಉಂಟು. ಹಲಗೆಯ ಹೆಸರು ಒಳಗಿನ ಕೋಣೆಯವರೆಗೂ ಹೋಗಿದೆಯೇ ಎಂಬುದನ್ನು ಮಾತ್ರ ತಾಯಿತಂದೆಗಳು ಒಳಹೊಕ್ಕು ನೋಡಬೇಕು.

ಗುಜರಾತಿನ ಗಿಜುಭಾಯಿ ಬಧೇಕಾ (೧೮೮೫–೧೯೩೯) ವಕೀಲಿಯನ್ನು ಬಿಟ್ಟು ೧೯೨೦ರಲ್ಲಿ ಭಾವನಗರದಲ್ಲಿ ಬಾಲಮಂದಿರವನ್ನು ಆರಂಭಿಸಿದರು. ಮೀಸೆಯುಳ್ಳ ತಾಯಿಯೆಂದು ಜನ ಅವರನ್ನು ಕರೆಯುತ್ತಿ‌ದ್ದರು. ಅವರ ‘ದಿವಾಸ್ವಪ್ನ’ (೧೯೩೨) ಉಪಾಧ್ಯಾಯನೊಬ್ಬನ ಪ್ರಯೋಗದ ಕಲ್ಪಿತ ಕಥೆ. ಅದರಲ್ಲಿ ಬರುವವರು ನಾಲ್ಕನೆಯ ತರಗತಿಯ ಹುಡುಗರಾದರೂ ಮೊದಲ ಅಧ್ಯಾಯದ ಪಾಠ ಚಿಕ್ಕ ಮಕ್ಕಳಿಗೂ ಸಲ್ಲುತ್ತದೆ. ಹೊಸ ಉಪಾಧ್ಯಾಯ ಮೊದಲ ದಿನ ಪುಸ್ತಕದಲ್ಲಿ ಓದಿಬಂದ ಮೌನದ ಆಟವನ್ನು ಆಡಿಸಹೋಗಿ ಸಂಪೂರ್ಣ ಸೋಲುತ್ತಾನೆ. ಮರುದಿನ ಕಥೆಯನ್ನು ಆರಂಭಿಸುತ್ತಲೇ ಗದ್ದಲ ಮಾಡುತ್ತಿದ್ದವರೆಲ್ಲ ಕಿವಿಯಾಗುತ್ತಾರೆ. ಮೌನವನ್ನು ಆಜ್ಞೆಯಿಂದ ತರಲಾಗದವನು ಕಥೆಯಿಂದ ತಂದ. ಕನಸಾದ್ದರಿಂದ ಆ ಪುಸ್ತಕದಲ್ಲಿ ಎದುರುವಾದಿಗಳು ಸ್ವಲ್ಪ ಸುಲಭವಾಗಿಯೇ ಸೋಲುತ್ತಾರೆ. ಕಥೆಯಾಗಿ ಅದಕ್ಕೆ ಆ ಕೊರತೆಯುಂಟು. ಆದರೆ ಮೊದಲ ದಿನದ ಸೋಲನ್ನು ಮುಚ್ಚಿಡದೆ ಬರೆದ ಪ್ರಾಮಾಣಿಕತೆಯೇ ಅದರ ಬೆಲೆ.

೫

ಇನ್ನು ಸರ್ಕಾರದ ಮಾತು. ೧೯೭೫ರ ಅಕ್ಟೋಬರ್ ೨ರಂದು ದೇಶದ ೩೩ ಕಡೆಗಳಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ನಮ್ಮಲ್ಲಿ ಮೊದಲು ಕಾಲಿಟ್ಟದ್ದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ. ಆ ಯೋಜನೆಯ ಅಂಗನವಾಡಿಯಲ್ಲಿ ಪೌಷ್ಟಿಕ ಆಹಾರದೊಂದಿಗೆ ಮೂರರಿಂದ ಆರು ವರ್ಷದವರ ಶಾಲಾಪೂರ್ವ ಶಿಕ್ಷಣವೂ ಸೇರಿದೆ. ೨೦೦೨ರ ಸಂವಿಧಾನದ ತಿದ್ದುಪಡಿ ಆರು ವರ್ಷದೊಳಗಿನ ಮಕ್ಕಳ ಪಾಲನೆ ಶಿಕ್ಷಣಗಳಿಗೆ ರಾಜ್ಯವು ಪ್ರಯತ್ನಿಸತಕ್ಕದ್ದೆಂದು ಹೇಳಿತು. ೨೦೨೦ರ ಶಿಕ್ಷಣನೀತಿ ಮೂರರಿಂದ ಎಂಟರವರೆಗಿನ ವಯಸ್ಸನ್ನು ಒಂದೇ ಬುನಾದಿಯ ಹಂತವೆಂದು ಎಣಿಸಿತು. ಆ ಹಂತಕ್ಕಾಗಿ ೨೦೨೨ರಲ್ಲಿ ಹೊರಟ ರಾಷ್ಟ್ರೀಯ ಪಠ್ಯಕ್ರಮದ ಚೌಕಟ್ಟಿನಲ್ಲಿ ಆಟ, ಕಥೆ, ಹಾಡುಗಳಿಗೆ ಅಗ್ರಸ್ಥಾನವಿದೆ. ಇಷ್ಟು ಎಳೆಯರಿಗೆ ಪರೀಕ್ಷೆ ಸಲ್ಲದೆಂದೂ ಇದೆ. ಶಾಲೆಯ ಪ್ರವೇಶಕ್ಕಾಗಿ ಮಗುವನ್ನಾಗಲಿ ತಾಯಿತಂದೆಗಳನ್ನಾಗಲಿ ಪರೀಕ್ಷಿಸಕೂಡದೆಂದು ೨೦೦೯ರ ಶಿಕ್ಷಣಹಕ್ಕಿನ ಕಾಯಿದೆ ಸ್ಪಷ್ಟವಾಗಿ ವಿಧಿಸಿದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿಯೇ ಇದೆ. ಆದರೂ ಮೂರು ವರ್ಷದ ಮಗುವಿನ ಚೀಲ ಭಾರವಾಗುತ್ತಿದ್ದರೆ ಅದಕ್ಕೆ ಕಾಯಿದೆಯ ಕೊರತೆಗಿಂತ ನಮ್ಮ ಆತುರವೇ ಹೆಚ್ಚು ಹೊಣೆ. ಬರೆಸುವ ಶಿಶುವಿಹಾರ ದೊಡ್ಡದು, ಹಾಡಿಸುವ ಅಂಗನವಾಡಿ ಸಣ್ಣದು ಎಂಬ ಎಣಿಕೆ ವಿದ್ಯಾವಂತರ ಮನೆಗಳಲ್ಲಿಯೇ ಹುಟ್ಟಿದ್ದು, ಅಲ್ಲಿಯೇ ಅಳಿಯಬೇಕು.

ಆದ್ದರಿಂದ ಮನೆಯವರು ಮಾಡತಕ್ಕದ್ದೇನು? ಹೆಚ್ಚಿನದೇನೂ ಬೇಕಾಗಿಲ್ಲ. ಎಣ್ಣೆನೀರಿನ ಹೊತ್ತು, ಊಟದ ಹೊತ್ತು, ಮಲಗುವ ಹೊತ್ತು, ಈ ಮೂರು ಹೊತ್ತಿನಲ್ಲಿ ಒಂದೊಂದು ಹಾಡು. ಹಾಡುವಾಗ ಸಾಲಿನ ಕೊನೆಯ ಪದವನ್ನು ತಾವು ನುಂಗಿಕೊಂಡು ಮಗುವಿನ ಮುಖವನ್ನು ನೋಡಬೇಕು, ಅದು ತುಂಬಿಕೊಡುತ್ತದೆ. ಕೆಲವು ದಿನದ ಮೇಲೆ ಬೇಕೆಂದೇ ಒಂದು ಪದವನ್ನು ತಪ್ಪಿಸಿ ಹೇಳಬೇಕು, ಅದು ತಿದ್ದುತ್ತದೆ. ತಿದ್ದಿದ ಮಗು ಧ್ವನಿಯನ್ನು ವಿಂಗಡಿಸಿದೆಯೆಂದು ತಿಳಿಯತಕ್ಕದ್ದು. ಇದಕ್ಕಿಂತ ದೊಡ್ಡ ಪರೀಕ್ಷೆ ಈ ವಯಸ್ಸಿಗೆ ಬೇಡ. ಒಂದೇ ಕಥೆಯನ್ನು ಹತ್ತು ದಿನ ಕೇಳಿದರೆ ಹತ್ತು ದಿನವೂ ಹೇಳಬೇಕು, ನೀತಿಯನ್ನು ಮಾತ್ರ ಬಿಡಿಸಿ ಹೇಳಬಾರದು. ಲೆಕ್ಕಕ್ಕೆ ಹುಣಿಸೆಬೀಜಗಳೂ ಅಳಗುಳಿಮಣೆಯೂ ಸಾಕು. ಕೈಯ ಹಿಡಿತಕ್ಕೆ ಅಂಗಳದ ರಂಗೋಲಿಯ ಚುಕ್ಕೆಗಳು ಸಾಕು. ಮನೆಮಾತು ತುಳುವೋ ಕೊಂಕಣಿಯೋ ಕೊಡವವೋ ಉರ್ದುವೋ ಆಗಿದ್ದರೆ ಹಾಡು ಮೊದಲು ಆ ಮಾತಿನಲ್ಲಿಯೇ ಇರಲಿ. ಒಂದು ಭಾಷೆಯಲ್ಲಿ ಹದವಾದ ಕಿವಿ ಇನ್ನೊಂದು ಭಾಷೆಗೂ ನೆರವಾಗುತ್ತದೆ. ಇದು ಹೆಂಗಸರ ಕೆಲಸವೆಂದು ತಂದೆಯರು ಪತ್ರಿಕೆಯ ಮರೆಗೆ ಸರಿಯಬಾರದು. ಕಂಠ ಚೆನ್ನಾಗಿಲ್ಲವೆಂಬ ನೆಪವೂ ನಡೆಯದು. ಗಿಜುಭಾಯಿಯವರ ಮೀಸೆ ಅವರ ತಾಯ್ತನಕ್ಕೆ ಅಡ್ಡಿಯಾಗಲಿಲ್ಲವಷ್ಟೆ.

ಅಜ್ಜಿಯಿಲ್ಲದ ಮನೆ, ಇಬ್ಬರೂ ಕೆಲಸಕ್ಕೆ ಹೋಗುವ ಮನೆ, ಸಂಜೆ ದಣಿದು ಬರುವ ಜನ, ಇವರಿಗೆ ಇದೆಲ್ಲ ಎಲ್ಲಿ ಸಾಧ್ಯವೆಂದು ಕೇಳಬಹುದು. ಕಷ್ಟ ನಿಜವಾದದ್ದು, ನಾವು ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ದಣಿದ ತಾಯಿತಂದೆಗಳು ಸಂಜೆ ಅರ್ಧ ಗಂಟೆ ಮಗುವಿನ ಕೈಹಿಡಿದು ಪುಟ ತುಂಬಿಸುತ್ತಿದ್ದಾರಲ್ಲ. ಅದರಲ್ಲಿ ಐದು ನಿಮಿಷವನ್ನು ಹಾಡಿಗೆ ಕೊಟ್ಟು ಉಳಿದದ್ದನ್ನು ವಿಶ್ರಾಂತಿಗೆ ಕೊಟ್ಟರೆ ಇಬ್ಬರಿಗೂ ಲಾಭವೇ.

ಕವಿಗಳಲ್ಲಿಯೂ ಒಂದು ಬಿನ್ನಹ. ಪಂಜೆಯವರೂ ರಾಜರತ್ನಂ ಅವರೂ ಬಿಟ್ಟುಹೋದ ಆಸ್ತಿಯ ಬಡ್ಡಿಯಲ್ಲಿಯೇ ನಮ್ಮ ಶಿಶುವಿಹಾರಗಳು ಇಂದಿಗೂ ಬಾಳುತ್ತಿವೆ. ಇಂದಿನ ಮಗುವಿನ ಲೋಕದಲ್ಲಿ ಹೊಸ ತುತ್ತೂರಿಗಳುಂಟು, ಹೊಸ ನಾಯಿಮರಿಗಳುಂಟು. ಅವುಗಳಿಗೆ ಹಾಡು ಕಟ್ಟುವುದು ಕೀಳಾದ ಕೆಲಸವಲ್ಲ. ಕಟ್ಟಿದ ಮೇಲೆ ಪತ್ರಿಕೆಗೆ ಕಳಿಸುವ ಮೊದಲು ನಾಲ್ಕು ವರ್ಷದ ಒಂದು ಮಗುವಿನ ಮುಂದೆ ಹಾಡಿ ನೋಡಲಿ. ಮಾರನೆಯ ದಿನ ಅದು ತಾನಾಗಿ ಹಾಡಿದರೆ ಪ್ರಕಟಿಸಲಿ; ಹಾಡದಿದ್ದರೆ ತಿದ್ದಲಿ. ಇಂಥ ಗೀತೆಗಳಿಗೆ ಅದಕ್ಕಿಂತ ನಿಷ್ಪಕ್ಷಪಾತಿಯಾದ ವಿಮರ್ಶಕ ಸಿಕ್ಕುವುದಿಲ್ಲ.

ಬರುವ ವಿಜಯದಶಮಿಯಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳ ಬೆರಳು ಹಿಡಿದು ಅಕ್ಕಿಯ ಮೇಲೆ ಓಂಕಾರವನ್ನು ಬರೆಸುತ್ತಾರೆ. ಬರೆಸಲಿ, ಅದು ಮಂಗಳಕಾರ್ಯ. ಆದರೆ ಮಾರನೆಯ ದಿನದಿಂದ ಶಿಶುವಿಹಾರದ ಬಾಗಿಲಲ್ಲಿ ನಿಂತು ಎಷ್ಟು ಅಕ್ಷರ ಬಂತೆಂದು ಕೇಳುವುದನ್ನು ಒಂದು ವರ್ಷದ ಮಟ್ಟಿಗೆ ತಡೆದಿಟ್ಟು, ಈ ವಾರ ಯಾವ ಹಾಡನ್ನು ಮನೆಗೆ ತಂದೆ ಎಂದು ಮಗುವನ್ನೇ ಕೇಳಲಿ. ಉಪಾಧ್ಯಾಯಿನಿ ಈ ಪ್ರಶ್ನೆಯನ್ನು ಕೇಳಿಸಿಕೊಂಡರೆ ಅವಳ ಪಾಠಕ್ರಮವೂ ಇದಕ್ಕೆ ತಕ್ಕಂತೆ ಬದಲಾಗುತ್ತದೆ.